ಬಿಚ್ಚಾಣಿಕೆ ಘಟಕದಲ್ಲಿ ಉಸಿರಿನ ಲೆಕ್ಕ ಇಡುವುದು ಹೇಗೆ?

ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಶಿಡ್ಲಘಟ್ಟದ ಬಿಚ್ಚಾಣಿಕೆ ಘಟಕಗಳಲ್ಲಿ ಯಾರಾದರೂ ಕೆಮ್ಮಿದರೆ ‘ಗೂಡಿನ ವಾಸನೆ, ಒಗ್ಗಿಹೋಗುತ್ತದೆ ಬಿಡಿ’ ಎನ್ನುವುದುಂಟು. ಎಲ್ಲರಿಗೂ ಒಗ್ಗುವುದಿಲ್ಲ. ಗೂಡು ಬೇಯುವಾಗ ಆವಿಯೊಡನೆ ಏಳುವ ರೇಷ್ಮೆ ಮತ್ತು ಹುಳುವಿನ ಪ್ರೋಟೀನು ಕೆಲವರಿಗೆ ಅಲರ್ಜಿಯಾಗಿ, ಬರಬರುತ್ತ ಆಸ್ತಮಾ ಆಗುತ್ತದೆ.

ಮೊದಲು ಒಂದೇ ಪ್ರಶ್ನೆ ಕೇಳಿ: ರಜೆಯ ದಿನ ಕೆಮ್ಮು, ಉಬ್ಬಸ ಕಡಿಮೆಯಾಗುತ್ತದೆಯೇ? ಹೌದೆಂದರೆ ಕೆಲಸದ ಮೇಲೆ ಅನುಮಾನ ಪಡಲೇಬೇಕು.

ನಂತರ ಔಷಧದಂಗಡಿಯಿಂದ ಪೀಕ್ ಫ್ಲೋ ಮೀಟರ್ ತನ್ನಿ. ಉಸಿರನ್ನು ಎಷ್ಟು ರಭಸವಾಗಿ ಹೊರಬಿಡಬಲ್ಲಿರಿ ಎಂದು ಅಳೆಯುವ, ಅಂಕಿಗಳ ಮೇಲೆ ಮುಳ್ಳು ಜಾರುವ ಪ್ಲಾಸ್ಟಿಕ್ ಕೊಳವೆ ಅದು. ಮುಳ್ಳನ್ನು ಸೊನ್ನೆಗೆ ತನ್ನಿ. ನೇರವಾಗಿ ನಿಂತು, ಎದೆ ತುಂಬ ಉಸಿರೆಳೆದು, ಕೊಳವೆಯ ಬಾಯಿತುದಿಯನ್ನು ತುಟಿಗಳಿಂದ ಬಿಗಿಯಾಗಿ ಮುಚ್ಚಿ, ಒಂದೇ ರಭಸಕ್ಕೆ ಊದಿ. ಕೆನ್ನೆ ಉಬ್ಬಿಸಿ ಊದಿದರೆ ಲೆಕ್ಕ ತಪ್ಪುತ್ತದೆ. ಮೂರು ಸಲ ಊದಿ, ಅತಿ ಹೆಚ್ಚಿನ ಅಂಕಿಯನ್ನು ಮಾತ್ರ ಬರೆಯಿರಿ. ಒಬ್ಬರ ಬಾಯಿತುದಿಯನ್ನು ಇನ್ನೊಬ್ಬರು ಬಳಸಬಾರದು.

ದಿನಕ್ಕೆ ನಾಲ್ಕು ಸಲದಂತೆ ನಾಲ್ಕು ವಾರ ಒಂದು ಪುಸ್ತಕದಲ್ಲಿ ಬರೆಯಿರಿ. ರಜೆಯ ದಿನ ಬರೆಯುವುದನ್ನು ಬಿಟ್ಟರೆ ಹೋಲಿಸಲು ಏನೂ ಉಳಿಯದು. ರಜೆಯಲ್ಲಿ 400 ಇದ್ದದ್ದು ಕೆಲಸದ ಸಂಜೆ 300ಕ್ಕೆ ಇಳಿಯುತ್ತಿದ್ದರೆ ಅದು ಶೇ 25ರ ಕುಸಿತ. ಶೇ 20ರಷ್ಟು ಏರಿಳಿತ ಮತ್ತೆ ಮತ್ತೆ ಕಂಡರೂ ಸಾಕು, ಪುಸ್ತಕವನ್ನು ವೈದ್ಯರ ಮುಂದಿಡಿ. ಗೂಡು ಬೇಯುವ ಬಾಣಲೆಯ ಮುಂದೆ ಕೂರುವ ಕೆಲಸವೆಂದು ಬಾಯಿಬಿಟ್ಟು ಹೇಳಿ. ಮಾತು ಪೂರ್ತಿ ಮಾಡಲಾಗದಷ್ಟು ಉಬ್ಬಸವಿದ್ದರೆ ಅಳೆಯುತ್ತ ನಿಲ್ಲದೆ ತಕ್ಷಣ ಆಸ್ಪತ್ರೆಗೆ ಓಡಿ.

ಇನ್ನು ಕೈಗಳು. ನೂಲಿನ ತುದಿ ಬೆರಳಿಗೇ ಸಿಗಬೇಕಾದ್ದರಿಂದ ಕೈಗವಸು ಹಾಕುವಂತಿಲ್ಲ. ಬಿಸಿನೀರಲ್ಲಿ ನೆನೆದು ಬಿಳಿಚಿಕೊಂಡ ಬೆರಳ ಸಂದುಗಳು ಸೀಳುತ್ತವೆ. ಬಿಡುವಾದಾಗೆಲ್ಲ ಸಂದುಗಳನ್ನು ಒರೆಸಿ ಒಣಗಿಸಿ, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ. ಕೀವಾದರೆ ಚಿಕಿತ್ಸೆಗೆ ತಡಮಾಡಬೇಡಿ.

ಘಟಕದ ಮಾಲೀಕರು ಆವಿ ಮತ್ತು ಒಲೆಯ ಹೊಗೆ ಹೊರಹೋಗುವಂತೆ ಚಿಮಣಿ, ಎಕ್ಸಾಸ್ಟ್ ಫ್ಯಾನ್ ಹಾಕಿಸಬೇಕು. ಉಬ್ಬಸ ಇರುವವರನ್ನು ಗೂಡು ವಿಂಗಡಿಸಲು ಕೂರಿಸುವುದೂ ತಪ್ಪೇ, ಅಲ್ಲೂ ದೂಳಿದೆ. ಉಸಿರಿನ ಅಂಕಿ ಬರೆದ ಪುಸ್ತಕ ಕಾರ್ಮಿಕರ ಕೈಯಲ್ಲೇ ಇರಲಿ. ಅದನ್ನು ನೋಡಿ ಯಾರನ್ನೂ ಕೆಲಸದಿಂದ ತೆಗೆಯಬೇಡಿ. ತೆಗೆದರೆ ನಾಳೆಯಿಂದ ಕೆಮ್ಮನ್ನು ಎಲ್ಲರೂ ಬಚ್ಚಿಡುತ್ತಾರೆ.