ನೌಕರಿಗೆ ಮರಳುವ ಬಾಣಂತಿಗೆ: ಎದೆಹಾಲು ಕುಡಿಸುವುದು, ಹಿಂಡಿ ತೆಗೆಯುವುದು, ಕಾಯ್ದಿಡುವುದು

ಮನೆ ಧಾರವಾಡದಲ್ಲಿ, ನೌಕರಿ ಹುಬ್ಬಳ್ಳಿಯಲ್ಲಿ ಇರುವ ತಾಯಿಗೆ ಹೆರಿಗೆ ರಜೆ ಮುಗಿಯುತ್ತ ಬಂದಂತೆ ಒಂದೇ ಚಿಂತೆ ಕಾಡುತ್ತದೆ: ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ತಿರುಗಿ ಬರುವವರೆಗೆ ಕೂಸಿನ ಹಾಲಿಗೆ ಏನು ಮಾಡುವುದು? ಈ ಚಿಂತೆಯನ್ನು ದಾಟಿ ಬಂದವಳಾಗಿ ನಾನು ಹೇಳಬಲ್ಲೆ, ಎದೆಹಾಲನ್ನೇ ಮುಂದುವರಿಸಿಕೊಂಡು ನೌಕರಿ ಮಾಡಲು ಖಂಡಿತ ಸಾಧ್ಯವಿದೆ. ಆದರೆ ರಜೆಯ ಕೊನೆಯ ವಾರದಲ್ಲಿ ಪಂಪ್ ಕೊಂಡು ತಂದರೆ ಮಾತ್ರ ಸಾಲದು. ಅದರ ತಯಾರಿ ಹೆರಿಗೆಯ ದಿನದಿಂದಲೇ ಆಗಬೇಕು. ಎದೆಯಿಂದ ಹಾಲು ಎಷ್ಟು ಹೊರಹೋಗುತ್ತದೆಯೋ ಅದಕ್ಕೆ ತಕ್ಕಷ್ಟು ಹೊಸ ಹಾಲು ಉತ್ಪತ್ತಿಯಾಗುತ್ತದೆ. ಕೂಸು ಚೀಪಿದಾಗ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹಾಲನ್ನು ತಯಾರಿಸುತ್ತದೆ, ಆಕ್ಸಿಟೋಸಿನ್ ಅದನ್ನು ಕೆಳಗೆ ಇಳಿಸುತ್ತದೆ; ಹಾಲು ಎದೆಯಲ್ಲಿಯೇ ನಿಂತುಬಿಟ್ಟರೆ ಉತ್ಪತ್ತಿ ತಾನಾಗಿ ಕಡಿಮೆಯಾಗುತ್ತದೆ. ಮುಂದೆ ಹೇಳುವ ಸಲಹೆಗಳೆಲ್ಲವೂ ಈ ಒಂದು ಸಂಗತಿಯನ್ನು ಆಧರಿಸಿವೆ.

ಮೊದಲ ದಿನಗಳು

ಹೆರಿಗೆಯಾದ ಒಂದು ತಾಸಿನೊಳಗೆ ಕೂಸನ್ನು ಎದೆಗೆ ಹಚ್ಚಬೇಕು, ಮೊದಲ 6 ತಿಂಗಳು ಎದೆಹಾಲಿನ ಹೊರತು ನೀರನ್ನೂ ಕೊಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಿಸೇರಿಯನ್ ಆದವರು ಸಹ ಎಚ್ಚರವಾದ ಕೂಡಲೇ, ಮಲಗಿದ ಸ್ಥಿತಿಯಲ್ಲಿಯೇ, ದಾದಿಯ ನೆರವಿನಿಂದ ಕೂಸನ್ನು ಬರಿಮೈಯಲ್ಲಿ ಎದೆಗೆ ತಾಗಿಸಿಕೊಳ್ಳಬೇಕು. ಮೊದಲ ಎರಡು ಮೂರು ದಿನ ಬರುವ ಹಳದಿ ಬಣ್ಣದ ಗಟ್ಟಿ ಹಾಲು ಕೆಲವೇ ಚಮಚಗಳಷ್ಟಿರುತ್ತದೆ, ಮತ್ತು ಹುಟ್ಟಿದ ಕೂಸಿನ ಪುಟ್ಟ ಹೊಟ್ಟೆಗೆ ಅಷ್ಟೇ ಸಾಕು. ಈ ಹೊತ್ತಿನಲ್ಲಿಯೇ ಮನೆಯವರು ಗಾಬರಿಗೊಂಡು ಜೇನುತುಪ್ಪ ನೆಕ್ಕಿಸಲು, ಔಡಲೆಣ್ಣೆ ಹಾಕಲು, ಸಕ್ಕರೆ ನೀರು ಕುಡಿಸಲು ಮುಂದಾಗುತ್ತಾರೆ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವು ಬಾಟ್ಯುಲಿಸಂ ಎಂಬ ಅಪಾಯಕರ ರೋಗವನ್ನು ತರಬಲ್ಲದು. ಉಳಿದವುಗಳಿಂದ ಕೂಸಿನ ಹಸಿವು ಸುಮ್ಮನೆ ಹೊರಟುಹೋಗಿ ಅದು ಚೀಪುವುದನ್ನೇ ಕಡಿಮೆ ಮಾಡುತ್ತದೆ. ಹಿರಿಯರೊಂದಿಗೆ ಈ ಮಾತನ್ನು ಬಸುರಿನ ತಿಂಗಳುಗಳಲ್ಲಿಯೇ, ಸಾಧ್ಯವಾದರೆ ವೈದ್ಯರ ಎದುರಿನಲ್ಲಿಯೇ ಆಡಿ ಮುಗಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹೆರಿಗೆಯ ಮರುದಿನ ವಾದ ಮಾಡುವ ಶಕ್ತಿ ಯಾವ ಬಾಣಂತಿಗೂ ಇರುವುದಿಲ್ಲ.

ಹಾಲು ತುಂಬಿ ಬರುವುದು ಸಾಮಾನ್ಯವಾಗಿ ಎರಡನೆಯ ದಿನದಿಂದ ಐದನೆಯ ದಿನದೊಳಗೆ. ಅಲ್ಲಿಯವರೆಗೂ, ಅನಂತರವೂ, 24 ತಾಸಿನಲ್ಲಿ 8ರಿಂದ 12 ಸಲ ಕುಡಿಸಬೇಕಾಗುತ್ತದೆ. ರಾತ್ರಿ ಪ್ರೊಲ್ಯಾಕ್ಟಿನ್ ಹೆಚ್ಚಿರುವುದರಿಂದ ರಾತ್ರಿಯ ಕುಡಿಸುವಿಕೆಯನ್ನು ತಪ್ಪಿಸಬಾರದು.

ಎದೆಗೆ ಹಚ್ಚುವ ರೀತಿ

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟು ಕಲಿಯಬೇಕಾದದ್ದು ಇದನ್ನೇ. ತೊಟ್ಟು ಸೀಳುವುದು, ಹಾಲು ಕಟ್ಟಿಕೊಳ್ಳುವುದು, ಕೂಸಿನ ತೂಕ ಏರದಿರುವುದು, ಇವುಗಳಲ್ಲಿ ಬಹುಪಾಲು ತೊಂದರೆಗಳು ಕೂಸು ಬರಿಯ ತೊಟ್ಟನ್ನಷ್ಟೇ ಹಿಡಿದು ಚೀಪುವುದರಿಂದ ಹುಟ್ಟುತ್ತವೆ.

ಬೆನ್ನಿಗೆ ಆಸರೆ ಇರುವಂತೆ ಗೋಡೆಗೆ ಒರಗಿ ಕುಳಿತು, ತೊಡೆಯ ಮೇಲೆ ಒಂದು ಕೌದಿಯನ್ನು ಮೂರು ನಾಲ್ಕು ಮಡಿಕೆ ಮಾಡಿ ಇಟ್ಟುಕೊಳ್ಳಿ. ಅಂಗಡಿಯ ದಿಂಬಿಗಿಂತ ಕೌದಿ ಗಟ್ಟಿಯಾಗಿ ನಿಲ್ಲುತ್ತದೆ, ಮಡಿಕೆ ಹೆಚ್ಚು ಕಡಿಮೆ ಮಾಡಿ ಎತ್ತರವನ್ನು ಹೊಂದಿಸಬಹುದು, ಹಾಲು ಚೆಲ್ಲಿದರೆ ತೊಳೆಯಲೂಬಹುದು. ಕೂಸಿನ ಮುಖವಷ್ಟೇ ಅಲ್ಲ, ಹೊಟ್ಟೆಯೂ ನಿಮ್ಮ ಕಡೆಗೆ ತಿರುಗಿರಲಿ. ಕಿವಿ, ಭುಜ, ಸೊಂಟ ಒಂದೇ ನೇರದಲ್ಲಿರಲಿ. ಕುಂಚಿಗೆ ತೊಡಿಸಿದ್ದರೆ ಕುಡಿಸುವಷ್ಟು ಹೊತ್ತು ಅದನ್ನು ಹಿಂದಕ್ಕೆ ಸರಿಸಿ, ಏಕೆಂದರೆ ಅದರ ಅಂಚು ಗಲ್ಲಕ್ಕೆ ತಾಗಿದರೆ ಕೂಸು ಅತ್ತ ತಿರುಗುತ್ತದೆ. ಕೂಸಿನ ಮೂಗು ತೊಟ್ಟಿನ ಎದುರಿಗೆ ಬರುವಂತೆ ಹಿಡಿದು, ತೊಟ್ಟಿನಿಂದ ಅದರ ಮೇಲ್ದುಟಿಯನ್ನು ಮೆಲ್ಲಗೆ ಸವರಿ ಕಾಯಿರಿ. ಆಕಳಿಸುವಂತೆ ಬಾಯಿ ಅಗಲವಾಗಿ ತೆರೆದ ಕ್ಷಣದಲ್ಲಿ ಕೂಸನ್ನೇ ಎದೆಯ ಹತ್ತಿರ ತರಬೇಕು. ತಾಯಿ ಬಗ್ಗಿ ಎದೆಯನ್ನು ಬಾಯಿಗೆ ತುರುಕಬಾರದು. ಸರಿಯಾಗಿ ಹಿಡಿದಾಗ ಗದ್ದ ಎದೆಗೆ ಒತ್ತಿರುತ್ತದೆ, ಕೆಳದುಟಿ ಹೊರಗೆ ಮಗುಚಿರುತ್ತದೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ಗಡೆ ಹೆಚ್ಚು, ಕೆಳಗಡೆ ಕಡಿಮೆ ಕಾಣುತ್ತದೆ. ಮೊದಲು ಬೇಗಬೇಗನೆ ಚೀಪಿ, ಹಾಲು ಇಳಿದ ಮೇಲೆ ನಿಧಾನವಾಗಿ ಆಳವಾಗಿ ಚೀಪುತ್ತ ನುಂಗುವ ಸದ್ದು ಕೇಳಿಸುತ್ತದೆ. ಮೊದಲ ಕೆಲವು ಚೀಪಿನ ನಂತರವೂ ನೋವು ಉಳಿದರೆ ಕಿರುಬೆರಳನ್ನು ಬಾಯಿಯ ಮೂಲೆಯಿಂದ ಒಳಗಿಟ್ಟು ಹಿಡಿತವನ್ನು ಬಿಡಿಸಿ ಮತ್ತೆ ಹಚ್ಚಿ, ನೋವನ್ನು ಹಲ್ಲುಕಚ್ಚಿ ತಡೆದುಕೊಳ್ಳಬೇಡಿ. ಹೊಟ್ಟೆಯ ಹೊಲಿಗೆ ನೋಯುವವರು ಮಗ್ಗುಲಾಗಿ ಮಲಗಿ, ಇಲ್ಲವೆ ಕೂಸನ್ನು ಬಗಲಲ್ಲಿ ಹಿಡಿದು ಕುಡಿಸಬಹುದು.

ಹಾಲು ಸಾಲುತ್ತದೆಯೆ?

"ಕೂಸು ಅಳ್ತದ, ಹಾಲು ಸಾಲವಲ್ದು, ಡಬ್ಬಿ ಹಾಲು ಹಚ್ಚ್ರಿ" ಎಂಬ ಮಾತು ಬಾಣಂತಿಯ ಕೋಣೆಗೆ ಬಂದುಹೋಗುವವರ ಬಾಯಲ್ಲಿ ಸದಾ ಇರುತ್ತದೆ. ಕೂಸು ಅಳಲು ಹಸಿವಿನ ಹೊರತು ನೂರು ಕಾರಣಗಳಿವೆ, ಮತ್ತು ಸಂಜೆಯ ಹೊತ್ತು ಬಿಟ್ಟೂಬಿಡದೆ ಕುಡಿಯುವುದು ಹಸುಗೂಸುಗಳ ಸಹಜ ರೀತಿ. ಅಳುವಿನ ಬದಲು ಒದ್ದೆ ಬಟ್ಟೆ ಮತ್ತು ತೂಕವನ್ನು ನೋಡಬೇಕು. ಐದನೆಯ ದಿನದ ನಂತರ ದಿನಕ್ಕೆ 6 ಅಥವಾ ಹೆಚ್ಚು ಸಲ ತಿಳಿಬಣ್ಣದ ಮೂತ್ರ, ಹಳದಿ ಬಣ್ಣದ ಮೆತ್ತನೆಯ ಮಲ ಬರುತ್ತಿದ್ದರೆ, ಮೊದಲ ದಿನಗಳಲ್ಲಿ ಇಳಿದ ತೂಕವನ್ನು ಕೂಸು ಎರಡು ವಾರದೊಳಗೆ ಮರಳಿ ಪಡೆದರೆ, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತ ಹೋದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಹುಟ್ಟಿದ ತೂಕದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಇಳಿದರೆ, ಕೂಸು ಮಂಕಾಗಿ ಕುಡಿಯಲು ಏಳದಿದ್ದರೆ, ಮೂತ್ರ ಕಡಿಮೆಯಾದರೆ ಅದೇ ದಿನ ಮಕ್ಕಳ ವೈದ್ಯರಲ್ಲಿಗೆ ಹೋಗಬೇಕು. ವೈದ್ಯರು ಮೇಲುಹಾಲು ಬೇಕೆಂದು ಹೇಳಿದರೆ ಕೊಡಿ. ಅದರಲ್ಲಿ ತಾಯಿಯ ಸೋಲೇನೂ ಇಲ್ಲ, ಜೊತೆಗೆ ಎದೆಗೆ ಹಚ್ಚುವುದನ್ನು ಬಿಡದಿದ್ದರಾಯಿತು.

ಅಳವಿ ಪಾಯಸ, ಅಂಟಿನುಂಡಿ, ಸಬ್ಬಸಗಿ ಪಲ್ಲೆ, ಬೆಳ್ಳುಳ್ಳಿ, ಮೆಂತ್ಯೆ ಇವೆಲ್ಲ ನಮ್ಮ ಕಡೆಯ ಬಾಣಂತನದ ಒಳ್ಳೆಯ ಊಟ, ಸಂತೋಷದಿಂದ ಉಣ್ಣಿರಿ. ತಾಯಿಗೆ ಈ ಕಾಲದಲ್ಲಿ ಹೆಚ್ಚಿನ ಆಹಾರ ಬೇಕೇ ಬೇಕು. ಆದರೆ ಕುಡಿಸುವುದು ಕಡಿಮೆಯಾದರೆ ಯಾವ ಉಂಡಿಯೂ ಹಾಲನ್ನು ಹೆಚ್ಚಿಸಲಾರದು. ಬಾಣಂತಿಗೆ ನೀರು ಕೊಟ್ಟರೆ ಶೀತವಾಗುತ್ತದೆ, ಹೊಟ್ಟೆ ಬರುತ್ತದೆ ಎಂದು ನೀರನ್ನು ಅಳೆದು ಕೊಡುವ ಪದ್ಧತಿಯನ್ನು ಮಾತ್ರ ಬಿಡಲೇಬೇಕು. ಬಾಯಾರಿಕೆಯಾದಾಗಲೆಲ್ಲ ಕುಡಿಯಿರಿ.

ಹಾಲು ಕಟ್ಟಿ ಎದೆ ಬಿಗಿದಾಗ ಕುಡಿಸುವ ಮುನ್ನ ತುಸು ಬಿಸಿಬಟ್ಟೆ, ಕುಡಿಸಿದ ಮೇಲೆ ತಣ್ಣನೆಯ ಬಟ್ಟೆ ಇಟ್ಟುಕೊಳ್ಳಬೇಕು. ಗಂಟನ್ನು ಜೋರಾಗಿ ತಿಕ್ಕುವುದರಿಂದ ಬಾವು ಹೆಚ್ಚಾಗುತ್ತದೆ. ಎದೆಯ ಒಂದು ಭಾಗ ಕೆಂಪಗಾಗಿ ನೋಯುತ್ತಿದ್ದು, ಜ್ವರ ಬಂದು ಒಂದು ದಿನದಲ್ಲಿ ತಗ್ಗದಿದ್ದರೆ ವೈದ್ಯರಿಗೆ ತೋರಿಸಬೇಕು. ಸಾಮಾನ್ಯವಾಗಿ ಔಷಧ ತೆಗೆದುಕೊಳ್ಳುತ್ತಲೇ ಕುಡಿಸಬಹುದು.

ಹಿಂಡಿ ತೆಗೆಯುವುದು

ಕೂಸು ಚೆನ್ನಾಗಿ ಕುಡಿಯುತ್ತಿದ್ದರೆ ಮೊದಲ ತಿಂಗಳು ಪಂಪಿನ ಅಗತ್ಯವಿಲ್ಲ. ಕೂಸು ತೀವ್ರ ನಿಗಾ ಘಟಕದಲ್ಲಿದ್ದರೆ ಮಾತ್ರ ಮೊದಲ ದಿನದಿಂದಲೇ, ರಾತ್ರಿಯೂ ಸೇರಿ, ದಿನಕ್ಕೆ 8 ಸಲವಾದರೂ ಹಾಲು ತೆಗೆಯಬೇಕಾಗುತ್ತದೆ, ಮತ್ತು ಮೊದಲ ಹಳದಿ ಹಾಲಿಗೆ ಯಂತ್ರಕ್ಕಿಂತ ಕೈಯೇ ಮೇಲು. ಹೆಬ್ಬೆರಳು ಮತ್ತು ತೋರುಬೆರಳುಗಳನ್ನು ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಎದುರುಬದುರಾಗಿ ಇಟ್ಟು, ಮೊದಲು ಪಕ್ಕೆಲುಬಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಒತ್ತಿ ಸಡಿಲಿಸಬೇಕು. ಬೆರಳು ಚರ್ಮದ ಮೇಲೆ ಜಾರಬಾರದು. ಕರೆಂಟ್ ಹೋದಾಗ, ಪಂಪ್ ಕೆಟ್ಟಾಗ ಉಪಯೋಗಕ್ಕೆ ಬರುವ ವಿದ್ಯೆಯಿದು.

ನೌಕರಿಗೆ ಮರಳುವ ಮೂರು ನಾಲ್ಕು ವಾರ ಮೊದಲು, ಬೆಳಗಿನ ಮೊದಲ ಕುಡಿಸುವಿಕೆಯ ನಂತರ ದಿನಕ್ಕೊಮ್ಮೆ ಪಂಪ್ ಮಾಡುವ ರೂಢಿ ಹಾಕಿಕೊಳ್ಳಿ. ಕೂಸು ಕುಡಿದ ಮೇಲೆ ಸಿಗುವುದು 30ರಿಂದ 60 ಮಿ.ಲೀ. ಅಷ್ಟೇ, ಇದನ್ನು ಕಂಡು ಎದೆಗುಂದಬೇಡಿ. ಕೂಸಿನಷ್ಟು ಚೆನ್ನಾಗಿ ಹಾಲು ತೆಗೆಯಲು ಯಂತ್ರಕ್ಕೆ ಬರುವುದಿಲ್ಲವಾದ್ದರಿಂದ ಬಾಟಲಿಯಲ್ಲಿ ಬಿದ್ದ ಅಳತೆ ಎದೆಯಲ್ಲಿರುವ ಹಾಲಿನ ಅಳತೆಯಲ್ಲ. ದಿನವೂ ಕಚೇರಿಯಲ್ಲಿ ತೆಗೆಯಬೇಕಾದವರಿಗೆ ಎರಡೂ ಎದೆಗೆ ಒಟ್ಟಿಗೆ ಹಚ್ಚುವ ವಿದ್ಯುತ್ ಪಂಪ್ ಸಮಯ ಉಳಿಸುತ್ತದೆ. ಅಪರೂಪಕ್ಕೆ ತೆಗೆಯುವವರಿಗೆ ಕೈಪಂಪ್ ಸಾಕು. ಎದೆಗೆ ಹಚ್ಚುವ ಕೊಳವೆಯ ಅಳತೆ ಬಹಳ ಮುಖ್ಯ. ಪಂಪಿನೊಂದಿಗೆ ಹೆಚ್ಚಾಗಿ 24 ಮಿ.ಮೀ. ಕೊಳವೆ ಬರುತ್ತದೆ, ಆದರೆ ಅದು ಎಲ್ಲರಿಗೂ ಹೊಂದುವುದಿಲ್ಲ. ತೊಟ್ಟು ಕೊಳವೆಯ ಬದಿಗೆ ಉಜ್ಜದೆ ಹಿಂದೆ ಮುಂದೆ ಆಡಬೇಕು, ಸುತ್ತಲಿನ ಕಪ್ಪು ಚರ್ಮ ಹೆಚ್ಚು ಒಳಗೆ ಸೆಳೆಯಬಾರದು. ಮೊದಲು ಒಂದೆರಡು ನಿಮಿಷ ವೇಗವಾದ ಹಗುರ ಸೆಳೆತ, ಹಾಲು ಇಳಿದ ಮೇಲೆ ನಿಧಾನವಾದ ಆಳದ ಸೆಳೆತ, ಒಟ್ಟು 15ರಿಂದ 20 ನಿಮಿಷ. ಸೆಳೆತವನ್ನು ನೋವಾಗುವಷ್ಟು ಏರಿಸಿದರೆ ಹಾಲು ಇಳಿಯುವುದೇ ನಿಲ್ಲುತ್ತದೆ. ಚೆನ್ನಾಗಿ ಬರುತ್ತಿದ್ದ ಹಾಲು ಒಮ್ಮೆಲೇ ಕಡಿಮೆಯಾದರೆ ನಿಮ್ಮನ್ನು ಸಂಶಯಿಸುವ ಮೊದಲು ಪಂಪಿನ ಸಿಲಿಕೋನ್ ವಾಲ್ವನ್ನು ಬೆಳಕಿಗೆ ಹಿಡಿದು ನೋಡಿ: ಅದರ ತುದಿಯ ಸೀಳು ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ಬಾಯಿ ಬಿಟ್ಟಿದ್ದರೆ ಸೆಳೆತ ಅಲ್ಲಿಯೇ ಸೋರಿಹೋಗುತ್ತಿರುತ್ತದೆ, ಹೊಸ ವಾಲ್ವ್ ಹಾಕಿದರೆ ಸರಿಹೋಗುತ್ತದೆ.

ಹಾಲು ತಾಗಿದ ಭಾಗಗಳನ್ನು ಪ್ರತಿ ಸಲವೂ ಅವುಗಳಿಗೆಂದೇ ಇಟ್ಟ ಬೋಗುಣಿಯಲ್ಲಿ ಸೋಪು ಮತ್ತು ಬಿಸಿನೀರಿನಿಂದ ತೊಳೆದು ಗಾಳಿಗೆ ಒಣಗಿಸಬೇಕು. ಕೂಸು ಎರಡು ತಿಂಗಳಿಗಿಂತ ಚಿಕ್ಕದಿದ್ದರೆ ದಿನಕ್ಕೊಮ್ಮೆ ಐದು ನಿಮಿಷ ಕುದಿಸಬೇಕು.

ನಮ್ಮ ಬಿಸಿಲಿನಲ್ಲಿ ಹಾಲನ್ನು ಕಾಯುವುದು

ಹಿಂಡಿದ ಹಾಲು 25 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯ ಕೋಣೆಯಲ್ಲಿ 4 ತಾಸು, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಪ್ರತ್ಯೇಕ ಬಾಗಿಲಿನ ಫ್ರೀಜರಿನಲ್ಲಿ 6 ತಿಂಗಳೊಳಗೆ, ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಗೂಡಿನಲ್ಲಿ ಎರಡು ವಾರದೊಳಗೆ ಬಳಸಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಹುಬ್ಬಳ್ಳಿ, ಗದಗಗಳ ಮನೆಯೊಳಗೆ 25 ಡಿಗ್ರಿ ಎಂಬುದೇ ಇರುವುದಿಲ್ಲವಾದ್ದರಿಂದ ಆ ದಿನಗಳಲ್ಲಿ ನಾಲ್ಕು ತಾಸಿನ ಲೆಕ್ಕವನ್ನು ನೆಚ್ಚದೆ, ತೆಗೆದ ಕೂಡಲೇ ತಂಪಿಗೆ ಇಡಬೇಕು. ಐಸ್‌ಪ್ಯಾಕ್ ಇಟ್ಟ ಶಾಖನಿರೋಧಕ ಚೀಲದಲ್ಲಿ ಹಾಲು 24 ತಾಸಿನವರೆಗೆ ಇರುತ್ತದೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡಾಡುವ ಹವಾನಿಯಂತ್ರಿತ ಚಿಗರಿ ಬಸ್ಸು ತಂಪಾಗಿಯೇ ಇರುತ್ತದೆ ಎಂದು ಐಸ್‌ಪ್ಯಾಕ್ ಬಿಟ್ಟು ಹೊರಡಬೇಡಿ. ನಿಲ್ದಾಣದಿಂದ ಮನೆಯವರೆಗಿನ ಬಿಸಿಲು ಲೆಕ್ಕಕ್ಕೆ ಬರುತ್ತದೆ.

60ರಿಂದ 90 ಮಿ.ಲೀ.ಯಂತೆ ಸಣ್ಣ ಸಣ್ಣ ಪಾಲು ಮಾಡಿ, ತಾರೀಖು ಬರೆದು, ಫ್ರಿಜ್ಜಿನ ಬಾಗಿಲಿನಲ್ಲಿ ಇಡದೆ ಒಳಗಡೆ ಹಿಂದಕ್ಕೆ ಇಡಿ. ಹೊಸ ಹಾಲನ್ನು ತಣ್ಣಗಾದ ಮೇಲೆಯೇ ಹಳೆಯದಕ್ಕೆ ಸೇರಿಸಬೇಕು. ನೀವು ಇಲ್ಲದಾಗ ಕರೆಂಟ್ ಬಹಳ ಹೊತ್ತು ಹೋಗಿ ಬಂದಿದೆಯೇ ಎಂದು ತಿಳಿಯಲು, ಬಟ್ಟಲಿನಲ್ಲಿ ನೀರನ್ನು ಗಡ್ಡೆ ಕಟ್ಟಿಸಿ ಮೇಲೊಂದು ನಾಣ್ಯವನ್ನಿಟ್ಟು ಫ್ರೀಜರಿನಲ್ಲಿ ಬಿಡಿ. ನಾಣ್ಯ ತಳಕ್ಕೆ ಇಳಿದಿದ್ದರೆ ನಡುವೆ ಎಲ್ಲವೂ ಕರಗಿತ್ತೆಂದು ತಿಳಿದು ಆ ಹಾಲನ್ನು ಬಳಸಬಾರದು.

ಮನೆಯಲ್ಲಿ ಕುಡಿಸುವ ಅಜ್ಜಿಗೆ ಇಷ್ಟನ್ನು ತೋರಿಸಿಕೊಟ್ಟಿರಬೇಕು: ಹಾಲಿನ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಬೇಕು, ಒಲೆಯ ಮೇಲೆ ಕಾಸಬಾರದು, ಮೈಕ್ರೋವೇವಿನಲ್ಲಿ ಇಡಬಾರದು. ಮೇಲೆ ಕೆನೆ ಕಟ್ಟಿದ್ದರೆ ಹಾಲು ಒಡೆದಿದೆಯೆಂದು ಚೆಲ್ಲದೆ ಮೆಲ್ಲಗೆ ಅಲುಗಿಸಿ ಬೆರೆಸಬೇಕು. ಕೂಸು ಕುಡಿದು ಉಳಿಸಿದ್ದನ್ನು ಎರಡು ತಾಸಿನೊಳಗೆ ಮುಗಿಸಬೇಕು, ಕರಗಿಸಿದ ಹಾಲನ್ನು ಮತ್ತೆ ಗಡ್ಡೆ ಕಟ್ಟಿಸಬಾರದು. ಬಾಟಲಿಗಿಂತ ಒಳಲೆ ಅಥವಾ ಚಿಕ್ಕ ಬಟ್ಟಲು ತೊಳೆಯಲು ಸುಲಭ; ಕೂಸನ್ನು ನೆಟ್ಟಗೆ ಕೂಡಿಸಿಕೊಂಡು, ಹಾಲು ತುಟಿಗೆ ತಾಗುವಂತೆ ಹಿಡಿದು, ಅದು ತಾನಾಗಿ ಹೀರುವಷ್ಟೇ ಕೊಡಬೇಕು. ಒಂದರಿಂದ ಆರು ತಿಂಗಳ ಕೂಸಿಗೆ ತಾಯಿ ದೂರವಿರುವ ಪ್ರತಿ ತಾಸಿಗೆ ಸುಮಾರು 30 ಮಿ.ಲೀ.ಯಂತೆ ಲೆಕ್ಕ ಹಾಕಿದರೆ, ಒಂಬತ್ತು ತಾಸಿಗೆ 270 ಮಿ.ಲೀ. ಮತ್ತು ತುಸು ಹೆಚ್ಚಿಗೆ ಇಟ್ಟರೆ ಸಾಕಾಗುತ್ತದೆ.

ಕಚೇರಿಯಲ್ಲಿ

ಕಚೇರಿಯಲ್ಲಿ ಸುಮಾರು ಮೂರು ತಾಸಿಗೊಮ್ಮೆ ಹಾಲು ತೆಗೆಯಬೇಕು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವುಗಳನ್ನು 1961ರ ಹೆರಿಗೆ ಸೌಲಭ್ಯ ಕಾಯ್ದೆ ಕೊಟ್ಟಿತ್ತು. ಈ ಹಕ್ಕು ಅದರ ಬದಲಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಉಳಿದಿದೆ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕು. ರಜೆ ಮುಗಿಯುವ ಮೊದಲೇ ಮೇಲಧಿಕಾರಿಗೆ ಪತ್ರ ಬರೆದು, ಒಳಗಿನಿಂದ ಚಿಲಕ ಹಾಕಬಹುದಾದ, ಪ್ಲಗ್ ಪಾಯಿಂಟ್ ಇರುವ ಒಂದು ಕೋಣೆಯನ್ನು ಕೇಳಿ; ಕಡತಗಳ ಕೋಣೆಯಾದರೂ ಆದೀತು. ಶೌಚಾಲಯದಲ್ಲಿ ತೆಗೆಯಿರಿ ಎಂದರೆ ಒಪ್ಪಬೇಡಿ, ಅದು ಕೂಸಿನ ಊಟ ತಯಾರಾಗುವ ಜಾಗವಲ್ಲ. ಹೊರಡುವ ಮುನ್ನ ಮತ್ತು ಮನೆಗೆ ಬಂದ ಕೂಡಲೇ ಎದೆಗೆ ಹಚ್ಚಿ, ರಜೆಯ ದಿನ ಪಂಪನ್ನು ಬದಿಗಿಟ್ಟು ಕೂಸಿಗೇ ಕುಡಿಸಿ.

6 ತಿಂಗಳ ನಂತರ ಕೂಸಿಗೆ ರಾಗಿ ಸರಿ, ಮೆತ್ತಗೆ ಕಲಸಿದ ಅನ್ನ-ಬೇಳೆ ಶುರುವಾದಂತೆ ಹಗಲಿನ ಹಾಲಿನ ಬೇಡಿಕೆ ಕ್ರಮೇಣ ಇಳಿಯುತ್ತದೆ. ಆಗಲೂ ಪಂಪ್ ಮಾಡುವುದನ್ನು ಒಮ್ಮೆಲೇ ನಿಲ್ಲಿಸಬೇಡಿ, ಎದೆ ಕಟ್ಟಿ ಬಾವು ಬರಬಹುದು. ಒಂದು ಸರದಿಯನ್ನು ಬಿಟ್ಟು ಕೆಲವು ದಿನ ಎದೆ ಹಗುರವಾಗಿದೆಯೇ ಎಂದು ನೋಡಿಕೊಂಡು, ಆಮೇಲೆ ಇನ್ನೊಂದನ್ನು ಬಿಡಬೇಕು. ಬೆಳಗಿನ ಮತ್ತು ರಾತ್ರಿಯ ಎದೆಹಾಲನ್ನು ಎರಡು ವರ್ಷದವರೆಗೂ, ತಾಯಿ ಮಗು ಇಬ್ಬರಿಗೂ ಬೇಕೆನಿಸಿದರೆ ಅದರ ಆಚೆಗೂ ಮುಂದುವರಿಸಬಹುದು.