ಜಾಡು ತಪ್ಪಿದ ಕಾರಿನ ಗಾಜು: ಮಳೆಗೆ ಮೊದಲೇ ಸರಿಮಾಡಿಕೊಳ್ಳಿ

ಮೇ ತಿಂಗಳ ಕೊನೆ. ಮರುದಿನ ಬೆಳಗಿನ ಜಾವ ಮುಂಬಯಿ ಪಕ್ಕದ ಡೊಂಬಿವಲಿಯಿಂದ ಊರಿಗೆ ಹೊರಡಬೇಕಿತ್ತು. ಪೆಟ್ರೋಲ್ ಪಂಪ್‌ನಲ್ಲಿ ದುಡ್ಡು ಕೊಡಲು ನನ್ನ ಕಡೆಯ ಗಾಜು ಇಳಿಸಿದೆ. ಏರಿಸಲು ಸ್ವಿಚ್ ಎತ್ತಿದರೆ ಗಾಜು ಅರ್ಧಕ್ಕೆ ಬಂತು, ಮುಂದಕ್ಕೆ ವಾಲಿತು, ಒಳಗೆ ‘ಕಟಕ್’ ಅಂತ ಸದ್ದಾಯಿತು. ಮತ್ತೆ ಒತ್ತಿದೆ. ಮೋಟರ್ ಗುಂಯ್ ಎನ್ನುತ್ತಿತ್ತು, ಗಾಜು ಮಾತ್ರ ಬಾಗಿಲೊಳಗೆ ಜಾರಿ ಕೂತಿತ್ತು. ರಾತ್ರಿ ಒಂಬತ್ತಕ್ಕೆ ಸಿಕ್ಕಿದ ಒಬ್ಬ ಮೆಕ್ಯಾನಿಕ್ ಗಾಜನ್ನು ಕೈಯಿಂದ ಮೇಲೆತ್ತಿ, ಒಳಗೊಂದು ಮರದ ತುಂಡು ಸಿಕ್ಕಿಸಿ ಕಳಿಸಿಕೊಟ್ಟ. ಕಾರ್ಕಳದವರೆಗೆ ಅದು ನಿಂತಿತು. ವಾಪಸ್ ಬರುವಾಗ ಕಶೇಡಿ ಹತ್ತಿರದ ಮಳೆಯಲ್ಲಿ ಮತ್ತೆ ಜಾರಿತು. ಹಿಂದಿನ ಸೀಟಿನಿಂದ ಅಮ್ಮ ಟವೆಲ್ ಚಾಚಿ ನನ್ನ ಭುಜ ಒರೆಸುತ್ತಾ ಬಂದರು.

ಮನೆಗೆ ಬಂದ ಮೇಲೆ ನಮ್ಮ ಬಿಲ್ಡಿಂಗ್‌ನ ಮಾಮ ಒಬ್ಬರು ನನ್ನ ಕೈಯಿಂದಲೇ ಬಾಗಿಲು ಬಿಚ್ಚಿಸಿದರು. ಕುರ್ಲಾದ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ದುಡಿದವರು. ನಾನು ಗಾಜು ಹಿಡಿದೆತ್ತಲು ಹೋದರೆ ತಡೆದರು. “ಗಾಜು ಬಿಡು ಮಾರಾಯ, ಅದು ಓಡುವ ದಾರಿ ನೋಡು ಮೊದಲು” ಅಂದರು. ನಾನು ಇಲ್ಲಿ ಹೇಳಬೇಕೆಂದಿರುವುದೂ ಅದನ್ನೇ. ಗಾಜು ಸುಮ್ನೆ ಜಾರುವುದಿಲ್ಲ. ದಾರಿ ಕೆಟ್ಟಾಗ ಜಾರುತ್ತದೆ. ದಾರಿ ಸರಿಮಾಡದೆ ಗಾಜನ್ನಷ್ಟೇ ಎತ್ತಿ ಕೂರಿಸಿದರೆ ಅದೇ ಬಾಗಿಲನ್ನು ಸ್ವಲ್ಪ ದಿನದಲ್ಲೇ ಮತ್ತೆ ಬಿಚ್ಚಬೇಕಾಗುತ್ತದೆ.

ಜಾರುವುದು ಯಾಕೆ?

ಗಾಜಿನ ಎರಡೂ ಬದಿಯ ಅಂಚುಗಳು ‘ಯು’ ಆಕಾರದ ರಬ್ಬರಿನೊಳಗೆ ಓಡುತ್ತವೆ. ಇದಕ್ಕೆ ರನ್ ಚಾನೆಲ್ ಎನ್ನುತ್ತಾರೆ. ಹೊಸದರಲ್ಲಿ ಅದರ ಒಳಮೈ ಮಖಮಲ್ಲಿನಂತೆ ನಯವಾಗಿರುತ್ತದೆ. ಗಾಜಿನ ಕೆಳ ಅಂಚನ್ನು ಹಿಡಿದು ಏರಿಸಿ ಇಳಿಸುವ ಸಾಧನ ರೆಗ್ಯುಲೇಟರ್. ಇಲ್ಲಿನ ಗ್ಯಾರೇಜಿನವರು ಅದನ್ನು ‘ಮಶೀನ್’ ಎನ್ನುತ್ತಾರೆ. ಮಶೀನ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಕತ್ತರಿಯಂತೆ ಬಿಚ್ಚಿ ಮುಚ್ಚುವ ಕಬ್ಬಿಣದ ತೋಳುಗಳಿರುತ್ತವೆ. ತೋಳಿನ ತುದಿಯ ಪುಟ್ಟ ಚಕ್ರ ಗಾಜಿನ ಕೆಳಗಿನ ಪಟ್ಟಿಯಲ್ಲಿ ಉರುಳುತ್ತದೆ. ಇನ್ನೊಂದರಲ್ಲಿ ತಂತಿ ಎಳೆಯುತ್ತದೆ, ಗಾಜನ್ನು ಪ್ಲಾಸ್ಟಿಕ್ ಹಿಡಿಕೆಯೊಂದು ಹಿಡಿದುಕೊಂಡಿರುತ್ತದೆ.

ಮುಂಬಯಿಯ ಬಿಸಿಲು, ಎಲ್ಲೆಲ್ಲೂ ನಡೆಯುವ ಕಟ್ಟಡ ಕೆಲಸದ ಧೂಳು ಎರಡೂ ಸೇರಿ ಆ ರಬ್ಬರನ್ನು ಒಣಗಿಸುತ್ತವೆ. ಒಣಗಿದ ರಬ್ಬರ್ ಗಾಜನ್ನು ಹಿಡಿದು ನಿಲ್ಲಿಸುತ್ತದೆ. ಒಂದು ಅಂಚು ಸಲೀಸಾಗಿ ಏರುತ್ತದೆ, ಇನ್ನೊಂದು ಅಂಚು ಸಿಕ್ಕಿಕೊಳ್ಳುತ್ತದೆ. ಗಾಜು ವಾಲುತ್ತದೆ. ಆ ಜಗ್ಗಾಟವೆಲ್ಲ ಕೆಳಗಿನ ಚಕ್ರದ ಮೇಲೋ ಪ್ಲಾಸ್ಟಿಕ್ ಹಿಡಿಕೆಯ ಮೇಲೋ ಬೀಳುತ್ತದೆ. ಒಂದು ದಿನ ಚಕ್ರ ಪಟ್ಟಿಯಿಂದ ಹೊರಗೆ ಹಾರುತ್ತದೆ ಅಥವಾ ಹಿಡಿಕೆ ಮುರಿಯುತ್ತದೆ. ಸಮುದ್ರದ ಗಾಳಿಗೆ ತುಕ್ಕು ಹಿಡಿದು ಸಡಿಲಾದ ಬೋಲ್ಟುಗಳಿದ್ದರೆ ಇದು ಇನ್ನೂ ಬೇಗ ಆಗುತ್ತದೆ.

ಬಿಚ್ಚುವ ಮೊದಲು ಕಿವಿಗೊಟ್ಟು ಕೇಳಿ. ಸ್ವಿಚ್ ಒತ್ತಿದಾಗ ಸದ್ದೇ ಇಲ್ಲವೆಂದರೆ ಮೊದಲು ಫ್ಯೂಸ್, ಸ್ವಿಚ್, ವೈರು ನೋಡಬೇಕು. ಮೋಟರ್ ಓಡುತ್ತಿದೆ, ಗಾಜು ಅಲುಗುತ್ತಿಲ್ಲ ಎಂದರೆ ಹಿಡಿಕೆ ಬಿಟ್ಟಿದೆ ಅಥವಾ ತಂತಿ ಹೋಗಿದೆ. ಗಾಜು ಏರುತ್ತದೆ ಆದರೆ ಓರೆಯಾಗಿ ಏರುತ್ತದೆ ಎಂದರೆ ಚಾನೆಲ್ ತಪ್ಪಿದೆ. ಯಾವುದೇ ಆಗಲಿ, ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತಬೇಡಿ. ಪಕ್ಕದ ಕಿಟಕಿಗಳ ಗಾಜು ಗಟ್ಟಿಗೊಳಿಸಿದ ಗಾಜು. ಅಂಚಿಗೆ ಒಂದು ಪೆಟ್ಟು ಬಿದ್ದರೆ ಸಾಕು, ಇಡೀ ಹಾಳೆ ಜೋಳದ ಕಾಳಿನಷ್ಟು ಚೂರಾಗಿ ಉದುರುತ್ತದೆ.

ಆ ರಾತ್ರಿಯ ಮಟ್ಟಿಗೆ

ಇಬ್ಬರು ಬೇಕು. ಒಬ್ಬರು ಗಾಜನ್ನು ಒಳಗಿನಿಂದ ಒಂದು ಅಂಗೈ, ಹೊರಗಿನಿಂದ ಒಂದು ಅಂಗೈ ಇಟ್ಟು ಒತ್ತಿ ಹಿಡಿದು ಮೇಲಕ್ಕೆ ಸರಿಸಬೇಕು. ಇನ್ನೊಬ್ಬರು ಅದೇ ಹೊತ್ತಿಗೆ ಸ್ವಿಚ್ ಎತ್ತಬೇಕು. ಮೇಲೆ ಬಂದ ಮೇಲೆ ಗಾಜಿನಿಂದ ಬಾಗಿಲ ಚೌಕಟ್ಟಿನ ಮೇಲೆ ಹಾದು ಆ ಕಡೆಗೂ ಅಗಲದ ಟೇಪು ಅಂಟಿಸಿ. ಪೇಂಟ್ ಮಾಡುವವರು ಬಳಸುವ ಮಾಸ್ಕಿಂಗ್ ಟೇಪ್ ಒಳ್ಳೆಯದು, ಬಣ್ಣ ಕೀಳುವುದಿಲ್ಲ.

ಮರದ ತುಂಡು ಬಡಿದು ಇಡೀ ಮಳೆಗಾಲ ಕಳೆಯುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ, ನೀರು ತುಂಬಿದ ರಸ್ತೆಗಳಲ್ಲಿ ಕಾರಿನೊಳಗೇ ಸಿಕ್ಕಿ ಪ್ರಾಣ ಬಿಟ್ಟವರಿದ್ದಾರೆ. ಈ ಊರಿನಲ್ಲಿ ಕಾರಿನ ಕಿಟಕಿ ಮುಚ್ಚುವುದು ಎಷ್ಟು ಮುಖ್ಯವೋ ತೆರೆಯುವುದೂ ಅಷ್ಟೇ ಮುಖ್ಯ.

ಬಾಗಿಲು ಬಿಚ್ಚುವುದು

ಬೇಕಾದ ಸಾಮಾನು ಇಷ್ಟು: ಒಂದು ಸ್ಟಾರ್ ಸ್ಕ್ರೂಡ್ರೈವರ್, 10 ನಂಬರ್ ಪಾನಾ (ಸ್ಪ್ಯಾನರ್) ಅಥವಾ ಸಾಕೆಟ್, ಟಾರ್ಚ್, ದಪ್ಪ ಕೈಗವಸು, ಹಳೆಯ ಕಾಟನ್ ಬಟ್ಟೆ, ಹಳೆಯ ಟೂತ್‌ಬ್ರಷ್, ಮಾಸ್ಕಿಂಗ್ ಟೇಪ್, ಸಿಲಿಕೋನ್ ಸ್ಪ್ರೇ. ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಬದಿಯ ಹೊದಿಕೆ, ಎಬ್ಬಿಸಲು ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ, ಇಲ್ಲದಿದ್ದರೆ ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿ. ಕೈಗವಸು ಬೇಡ ಅನ್ನಬೇಡಿ. ಬಾಗಿಲೊಳಗಿನ ತಗಡಿನ ಅಂಚು ಬ್ಲೇಡಿನಂತಿರುತ್ತದೆ.

ನಿಮ್ಮ ಕಾರಿನ ಬಾಗಿಲೊಳಗೆ ಏರ್‌ಬ್ಯಾಗಿನ ಸೆನ್ಸರ್ ಇದೆಯೇ ಎಂದು ಕಾರಿನ ಪುಸ್ತಕದಲ್ಲಿ ನೋಡಿ. ಇದ್ದರೆ ಈ ಕೆಲಸ ಗ್ಯಾರೇಜಿಗೇ ಬಿಡಿ. ಇಲ್ಲದಿದ್ದರೆ ಸ್ಕ್ರೂಗಳನ್ನು ಹುಡುಕಿ. ಒಳಗಿನ ಹಿಡಿಯ ಹಿಂದೆ ಒಂದು, ಬಾಗಿಲು ಎಳೆದುಕೊಳ್ಳುವ ಹಿಡಿಕೆಯ ಮುಚ್ಚಳದ ಕೆಳಗೆ ಒಂದೋ ಎರಡೋ ಇರುತ್ತವೆ. ಎಲ್ಲ ತೆಗೆದ ಮೇಲೆ ಪ್ಯಾಡಿನ ಕೆಳ ಮೂಲೆಯಿಂದ ಶುರುಮಾಡಿ ಒಂದೊಂದೇ ಕ್ಲಿಪ್ ಎಬ್ಬಿಸಿ. ಒಂದೆರಡು ಕ್ಲಿಪ್ ಮುರಿದೇ ಮುರಿಯುತ್ತವೆ, ಮೊದಲೇ ಹತ್ತು ತಂದಿಟ್ಟುಕೊಳ್ಳಿ. ಪ್ಯಾಡನ್ನು ಒಮ್ಮೆಲೇ ಎಳೆಯಬೇಡಿ. ಹಿಂದೆ ಸ್ವಿಚ್ಚಿನ ವೈರು, ಲಾಕಿನ ತಂತಿ ಇರುತ್ತವೆ. ಅವುಗಳ ಫೋಟೋ ತೆಗೆದುಕೊಂಡು ಬಿಚ್ಚಿ.

ಕೈಯಿಂದ ತಿರುಗಿಸುವ ಹಳೆಯ ಬಗೆಯ ಕಿಟಕಿಯಾದರೆ ಹಿಡಿಕೆಯನ್ನು ತೆಗೆಯಲು ಮಾಮ ತೋರಿಸಿದ ರೀತಿ ನನಗೆ ತುಂಬ ಇಷ್ಟವಾಯಿತು. ಹಿಡಿಕೆಗೂ ಪ್ಯಾಡಿಗೂ ನಡುವೆ ಕುದುರೆ ಲಾಳದ ಆಕಾರದ ಸಣ್ಣ ತಂತಿ ಕ್ಲಿಪ್ ಅಡಗಿರುತ್ತದೆ. ಅಲ್ಲಿಗೆ ಕಾಟನ್ ಬಟ್ಟೆ ತೂರಿಸಿ, ಎರಡೂ ತುದಿ ಹಿಡಿದು ಬೂಟ್ ಪಾಲಿಶ್ ಮಾಡುವವರಂತೆ ಅತ್ತಿತ್ತ ಎಳೆಯಬೇಕು. ಬಟ್ಟೆಯ ಎಳೆ ಕ್ಲಿಪ್ಪಿನ ತುದಿಗೆ ಸಿಕ್ಕಿ ಟಪ್ಪನೆ ಹೊರಗೆ ಬರುತ್ತದೆ. ಹಾರಿ ಹೋಗದಂತೆ ಪಕ್ಕದಲ್ಲಿದ್ದವರು ಅಂಗೈ ಅಡ್ಡ ಹಿಡಿಯಲಿ.

ಪ್ಯಾಡ್ ತೆಗೆದರೆ ಒಂದು ಪ್ಲಾಸ್ಟಿಕ್ ಹಾಳೆ ಕಾಣುತ್ತದೆ, ಸುತ್ತ ಕಪ್ಪು ಅಂಟು. ಎಷ್ಟೋ ಕಾರುಗಳಲ್ಲಿ ಇದನ್ನು ಹರಿದು ಎಸೆದಿರುತ್ತಾರೆ. ಇದು ಬೇಡದ ವಸ್ತು ಅಲ್ಲವೇ ಅಲ್ಲ. ಗಾಜಿನ ಮೇಲಿಂದ ಬಾಗಿಲೊಳಗೆ ಇಳಿಯುವ ಮಳೆ ನೀರು ಕಾರಿನೊಳಗೆ ಬಾರದಂತೆ ತಡೆಯುವುದು ಇದೇ. ಮೆಲ್ಲಗೆ ಎಳೆದು, ಅಂಟು ಧೂಳಾಗದಂತೆ ಮೇಲಕ್ಕೆ ಮಡಚಿ ಟೇಪು ಹಾಕಿ.

ದಾರಿ ನೋಡುವುದು, ಗಾಜು ಕೂರಿಸುವುದು

ಈಗ ಸ್ವಿಚ್ಚಿನ ವೈರು ತಾತ್ಕಾಲಿಕವಾಗಿ ಸಿಕ್ಕಿಸಿ ಮಶೀನನ್ನು ಬೇಕಾದ ಎತ್ತರಕ್ಕೆ ತಂದುಕೊಳ್ಳಿ. ತಂದ ಮೇಲೆ ವೈರು ತೆಗೆದುಬಿಡಿ. ಕೈ ಒಳಗಿರುವಾಗ ಯಾರಾದರೂ ಸ್ವಿಚ್ ಒತ್ತಿದರೆ ಬೆರಳು ಉಳಿಯುವುದಿಲ್ಲ. ಕತ್ತರಿ ಬಗೆಯ ಮಶೀನ್‌ನಲ್ಲಿ ಗಟ್ಟಿ ಸ್ಪ್ರಿಂಗ್ ಇರುತ್ತದೆ. ಅದರ ಮೋಟರನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ, ತೋಳು ಚಿಮ್ಮಿ ಹೊಡೆಯುತ್ತದೆ.

ಟಾರ್ಚ್ ಹಾಕಿ ನೋಡಿ. ನಮ್ಮ ಕಾರಿನಲ್ಲಿ ಕಂಡದ್ದು ಇದು: ಚಕ್ರ ಪಟ್ಟಿಯಿಂದ ಹೊರಗಿತ್ತು, ಹಿಂಬದಿಯ ರಬ್ಬರ್ ಜಾಗ ಬಿಟ್ಟು ತಿರುಚಿಕೊಂಡಿತ್ತು. ಬೆರಳಲ್ಲಿ ಮುಟ್ಟಿದರೆ ಮಖಮಲ್ ಇರಬೇಕಾದಲ್ಲಿ ಸಿಮೆಂಟಿನಂತಹ ಒರಟು ಪುಡಿ. ಬಾಗಿಲಿನ ತಳದಲ್ಲಿ ಗುಲ್‌ಮೊಹರ್ ಮರದ ಸಣ್ಣ ಸಣ್ಣ ಎಲೆಗಳು ಕೊಳೆತು ಕಪ್ಪು ಕೆಸರಾಗಿದ್ದವು. ತಳದಲ್ಲಿ ನೀರು ಹೊರಹೋಗುವ ತೂತುಗಳಿರುತ್ತವೆ ಅಲ್ವಾ, ಅವೆಲ್ಲ ಮುಚ್ಚಿದ್ದವು. ಕಡ್ಡಿಯಿಂದ ಚುಚ್ಚಿದಾಗ ಕಂದು ನೀರು ಒಂದು ಲೋಟದಷ್ಟು ಸುರಿಯಿತು. ಅಷ್ಟು ದಿನ ಆ ನೀರಿನಲ್ಲೇ ಬೋಲ್ಟುಗಳು ನೆನೆಯುತ್ತಿದ್ದವು.

ಮೊದಲು ಗಾಜನ್ನು ಅರ್ಧಕ್ಕೆ ತಂದು ಟೇಪಿನಿಂದ ಕಟ್ಟಿ. ರಬ್ಬರ್ ಚಾನೆಲ್ಲಿನ ಉದ್ದಕ್ಕೂ ಒದ್ದೆ ಟೂತ್‌ಬ್ರಷ್ ಆಡಿಸಿ, ಬಟ್ಟೆಯಿಂದ ಒರೆಸಿ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಬಿಡಬೇಡಿ. ನನಗೆ ನಾಲ್ಕು ತುಂಡು ಬಟ್ಟೆ ಬೇಕಾಯಿತು. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಣ್ಣೆ, ಗ್ರೀಸು ಖಂಡಿತ ಬೇಡ. ಪೆಟ್ರೋಲಿಯಂ ಎಣ್ಣೆ ರಬ್ಬರನ್ನು ಉಬ್ಬಿಸುತ್ತದೆ, ಅದರ ಮೇಲೆ ಧೂಳು ಕೂತು ಗಟ್ಟಿ ಪದರವಾಗುತ್ತದೆ. ಗ್ರೀಸು ಮಶೀನಿನ ಕಬ್ಬಿಣದ ಜಾಡಿಗೆ ಮಾತ್ರ, ಅದೂ ಬೆರಳ ತುದಿಯಷ್ಟು. ರಬ್ಬರ್ ಬಿರುಕು ಬಿಟ್ಟಿದ್ದರೆ ಅಥವಾ ಒಳಮೈ ಸವೆದು ಹೋಗಿದ್ದರೆ ಸ್ವಚ್ಛ ಮಾಡಿ ಪ್ರಯೋಜನವಿಲ್ಲ, ಹೊಸದೇ ಹಾಕಬೇಕು.

ಇನ್ನು ಗಾಜು. ಕತ್ತರಿ ಬಗೆಯಾದರೆ ಗಾಜನ್ನು ಮುಂದಕ್ಕೋ ಹಿಂದಕ್ಕೋ ಸರಿಸಿ, ಕೆಳಪಟ್ಟಿಯ ತೆರೆದ ತುದಿಯಿಂದ ಚಕ್ರವನ್ನು ಒಳಗೆ ಉರುಳಿಸಿ. ಪಟ್ಟಿಯ ತುಟಿ ಅಗಲವಾಗಿದ್ದರೆ ಬಟ್ಟೆ ಸುತ್ತಿದ ಪಕ್ಕಡ್‌ನಿಂದ (ಇಕ್ಕಳದಿಂದ) ತುಸುವೇ ಒತ್ತಿ, ಗಾಜಿಗೆ ತಾಗದಂತೆ. ತಂತಿ ಬಗೆಯಲ್ಲಿ ಪ್ಲಾಸ್ಟಿಕ್ ಹಿಡಿಕೆ ಮುರಿದಿದ್ದರೆ ಅಂಟು ಹಾಕಿ ನಿಲ್ಲಿಸಲು ಆಗುವುದಿಲ್ಲ. ಕೆಲವು ಕಾರುಗಳಿಗೆ ಹಿಡಿಕೆ ಬಿಡಿಯಾಗಿ ಸಿಗುತ್ತದೆ, ಇಲ್ಲದಿದ್ದರೆ ಮಶೀನೇ ಬದಲಿಸಬೇಕು. ಗಾಜೇ ಪಟ್ಟಿಯಿಂದ ಕಿತ್ತು ಬಂದಿದ್ದರೆ ಎರಡನ್ನೂ ಸ್ವಚ್ಛ ಮಾಡಿ, ಕಾರಿನ ಮುಂದಿನ ದೊಡ್ಡ ಗಾಜು (ವಿಂಡ್‌ಶೀಲ್ಡ್) ಕೂರಿಸಲು ಬಳಸುವ ಸೀಲೆಂಟ್ ಹಾಕಿ ಒಂದು ದಿನ ಅಲುಗಿಸದೆ ಬಿಡಿ. ಕ್ಷಣದಲ್ಲಿ ಅಂಟುವ ಗೋಂದು ಬೇಡ. ಅದು ಗಟ್ಟಿ ನಿಜ, ಆದರೆ ಬಾಗಿಲು ಹಾಕಿದ ಹೊಡೆತಕ್ಕೆ ಬಿಟ್ಟುಕೊಳ್ಳುತ್ತದೆ.

ಸಾಮಾನಿಗೆ ನಾನು ಹೋದದ್ದು ಕುರ್ಲಾದ ಸಿಎಸ್‌ಟಿ ರಸ್ತೆಗೆ. ಸಾಲು ಸಾಲು ಅಂಗಡಿಗಳಿವೆ. ಹಳೆಯ ತುಂಡನ್ನು ಕೈಯಲ್ಲೇ ಹಿಡಿದು ಹೋಗಿ. ಮಾಡೆಲ್, ವರ್ಷ, ಮುಂದಿನ ಬಾಗಿಲೋ ಹಿಂದಿನದೋ, ಎಡವೋ ಬಲವೋ, ಇಷ್ಟನ್ನೂ ಕೇಳುತ್ತಾರೆ. ರಬ್ಬರನ್ನು ಹಳೆಯದರ ಪಕ್ಕಕ್ಕಿಟ್ಟು ಉದ್ದ, ತುಟಿಯ ಆಕಾರ ಎರಡೂ ನೋಡಿಯೇ ದುಡ್ಡು ಕೊಡಿ. ‘ಎಲ್ಲ ಗಾಡಿಗೂ ಆಗುತ್ತೆ’ ಎನ್ನುವ ರಬ್ಬರ್ ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ.

ಗಾಜನ್ನು ಜಾಡಿಗೆ ತರುವಾಗ ಮುಂದಿನ ಮೂಲೆಯನ್ನು ತುಸು ತಗ್ಗಿಸಿ ಅದರ ಚಾನೆಲ್ಲಿಗೆ ಮೊದಲು ಸೇರಿಸಿ, ಆಮೇಲೆ ಹಿಂದಿನ ಅಂಚನ್ನು ನಿಧಾನಕ್ಕೆ ತಿರುಗಿಸಿ ಕೂರಿಸಿ. ಬಲ ಬೇಡ. ಸರಿಯಾದ ಜಾಗ ಸಿಕ್ಕಾಗ ಗಾಜು ತಾನೇ ಹಗುರಾಗುತ್ತದೆ, ಅದು ಅಂಗೈಗೆ ಗೊತ್ತಾಗುತ್ತದೆ. ಗಾಜನ್ನು ಹಿಡಿದಿಡುವ ಬೋಲ್ಟುಗಳನ್ನು ಬೆರಳಲ್ಲಿ ತಿರುಗಿಸಿ ಅಷ್ಟಕ್ಕೇ ಬಿಡಿ.

ಈಗ ಎಲ್ಲರೂ ತಪ್ಪುವ ಜಾಗ ಬಂತು. ಬೋಲ್ಟನ್ನು ಗಾಜು ಕೆಳಗಿರುವಾಗಲೇ ಬಿಗಿದುಬಿಡುತ್ತಾರೆ. ಹಾಗೆ ಮಾಡಿದರೆ ಓರೆ ಇದ್ದರೆ ಓರೆಯೇ ಗಟ್ಟಿಯಾಗುತ್ತದೆ. ಬೋಲ್ಟು ಸಡಿಲ ಇರುವಾಗಲೇ ಗಾಜನ್ನು ಪೂರ್ತಿ ಮೇಲಕ್ಕೆ ತಂದು, ಮೇಲಿನ ರಬ್ಬರಿನೊಳಗೆ ಉದ್ದಕ್ಕೂ ಒಂದೇ ಸಮ ಕೂರುವಂತೆ ಮಾಡಿ. ಆಮೇಲೆ ಬಿಗಿಯಿರಿ. ಮೇಲಿನ ತುದಿಯಲ್ಲಿ ಬೋಲ್ಟಿಗೆ ಕೈ ಎಟುಕದಿದ್ದರೆ, ಎಟುಕುವಷ್ಟು ಮಾತ್ರ ಇಳಿಸಿ ಬಿಗಿದು ಮತ್ತೆ ಏರಿಸಿ ನೋಡಿ. ಐದಾರು ಸಲ ಏರಿಸಿ ಇಳಿಸಿ. ವೇಗ ಮೇಲಿನಿಂದ ಕೆಳಗಿನವರೆಗೆ ಒಂದೇ ಇರಬೇಕು, ಎಲ್ಲಿಯೂ ಕೀಚಲು ಸದ್ದು ಬರಬಾರದು. ತೃಪ್ತಿಯಾಗುವವರೆಗೆ ಪ್ಯಾಡ್ ಹಾಕಬೇಡಿ. ನಾವು ಮೂರು ಸಲ ಸಡಿಲಿಸಿ ಬಿಗಿದೆವು.

ಮುಚ್ಚುವ ಮೊದಲು

ಪ್ಲಾಸ್ಟಿಕ್ ಹಾಳೆಯನ್ನು ಅದೇ ಅಂಟಿನ ಮೇಲೆ ಬೆರಳಿನಿಂದ ಒತ್ತುತ್ತಾ ಕೂರಿಸಿ. ಅಂಟು ಸತ್ತಿದ್ದರೆ ಬ್ಯೂಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರಿನ ಟೇಪು) ತಂದು ಹಾಕಿ. ಹಾಳೆ ಹರಿದಿದ್ದರೆ ದಪ್ಪ ಪ್ಲಾಸ್ಟಿಕ್ ಕತ್ತರಿಸಿ ಹೊಸದು ಮಾಡಿ, ಕಷ್ಟವೇನಿಲ್ಲ. ವೈರುಗಳನ್ನು ಫೋಟೋ ನೋಡಿ ಜೋಡಿಸಿ, ಪ್ಯಾಡನ್ನು ಮೇಲಿನ ಅಂಚಿನಿಂದ ತೂಗುಹಾಕಿ ಒಂದೊಂದೇ ಕ್ಲಿಪ್ ಅಂಗೈಯಿಂದ ಗುದ್ದಿ ಕೂರಿಸಿ. ಒಮ್ಮೆ ಒತ್ತಿದರೆ ತಾನೇ ಏರುವ ಕಿಟಕಿಯಾದರೆ ಅದಕ್ಕೆ ಮೇಲಿನ ತುದಿ ಎಲ್ಲಿ ಎಂದು ಮತ್ತೆ ಕಲಿಸಬೇಕಾಗಬಹುದು. ಸಾಮಾನ್ಯವಾಗಿ ಗಾಜು ಪೂರ್ತಿ ಏರಿದ ಮೇಲೂ ಸ್ವಿಚ್ಚನ್ನು ಕೆಲವು ಸೆಕೆಂಡ್ ಎತ್ತಿ ಹಿಡಿದರೆ ಆಯಿತು. ನಿಮ್ಮ ಕಾರಿನ ಕ್ರಮ ಅದರ ಪುಸ್ತಕದಲ್ಲಿರುತ್ತದೆ.

ಕೊನೆಗೆ ಒಂದು ಬಕೆಟ್ ನೀರು, ಒಂದು ಮಗ್ ತನ್ನಿ. ಗಾಜು ಮುಚ್ಚಿ, ಅದರ ಮೇಲೆ ನಿಧಾನವಾಗಿ ನೀರು ಹೊಯ್ಯಿರಿ. ಬಾಗಿಲಿನ ತಳದ ತೂತುಗಳಿಂದ ನೀರು ತೊಟ್ಟಿಕ್ಕಬೇಕು, ಒಳಗೆ ಕಾಲಡಿಯ ಕಾರ್ಪೆಟ್ ಒಣಗಿರಬೇಕು. ನಮ್ಮ ಕಾರಿಗೆ ಮಾಮ ಅರ್ಧ ಬಕೆಟ್ ಖಾಲಿ ಮಾಡಿ, ಬಗ್ಗಿ ಕಾರ್ಪೆಟ್ಟಿನ ಕೆಳಗೆ ಕೈ ತೂರಿಸಿ, ಅಂಗೈ ತಿರುಗಿಸಿ ತೋರಿಸಿದರು. ಒಣಗಿತ್ತು.