ಹಳೆ ಗೋವೆಯನ್ನು ನದಿಯ ಕಡೆಯಿಂದ ನೋಡುವ ಕ್ರಮ

ವಾಸ್ಕೊ, ಮಡಗಾಂವ್, ಪಣಜಿಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ಊರಿನಿಂದ ನೆಂಟರು ಬಂದರೆ, ಸಮುದ್ರದಂಡೆಯ ತಿರುಗಾಟ ಮುಗಿದ ಮರುದಿನ ಅವರನ್ನು ಹಳೆ ಗೋವೆಗೆ ಕರೆದೊಯ್ಯುವುದು ರೂಢಿ. ಬಸ್ಸಿಳಿದವರು ನೇರವಾಗಿ ಬೊಮ್ ಜೀಸಸ್ ಬೆಸಿಲಿಕಾಕ್ಕೆ ಹೋಗಿ, ಸಂತ ಫ್ರಾನ್ಸಿಸ್ ಕ್ಸೇವಿಯರರ ಶರೀರವಿರುವ ಬೆಳ್ಳಿಯ ಪೆಟ್ಟಿಗೆಯನ್ನು ನೋಡಿ, ಎದುರಿನ ಸೆ ಕೆಥೆಡ್ರಲ್‌ನಲ್ಲಿ ಒಂದು ಸುತ್ತು ಹಾಕಿ ಮರಳುತ್ತಾರೆ. ಇದರಿಂದ ಇಗರ್ಜಿಗಳನ್ನು ಕಂಡಂತಾಗುತ್ತದೆಯೇ ಹೊರತು ಊರನ್ನು ಕಂಡಂತಾಗುವುದಿಲ್ಲ. ಹಡಗುಗಳ ವ್ಯಾಪಾರದಿಂದಲೇ ಬೆಳೆದ ಊರಿದು. ಆದ್ದರಿಂದ ಹಡಗಿನಿಂದ ಇಳಿದವರು ನಡೆದ ದಾರಿಯಲ್ಲೇ, ಮಾಂಡವಿ ನದಿಯ ದಡದಿಂದ ಆರಂಭಿಸಿ ನೋಡುತ್ತ ಹೋಗುವುದು ಸರಿಯಾದ ಕ್ರಮ.

ಪಣಜಿಯಿಂದ ಅಲ್ಲಿಗೆ ಸುಮಾರು 10 ಕಿಲೋಮೀಟರ್ ದಾರಿ. ಬಸ್ಸಿನಲ್ಲಿ ಕುಳಿತಿರುವಾಗಲೇ ನೆಂಟರಿಗೆ ಹಿನ್ನೆಲೆಯನ್ನು ಹೇಳಿಬಿಡಬಹುದು. ಕದಂಬ ಸಾರಿಗೆಯ ಬಸ್ಸಾದರೆ ಮಾತನ್ನು ಅದರ ಹೆಸರಿನಿಂದಲೇ ತೊಡಗಬಹುದು. ಗೋವೆಯ ಕದಂಬರು 11ನೆಯ ಶತಮಾನದಲ್ಲಿ ತಮ್ಮ ರಾಜಧಾನಿಯನ್ನು ಚಂದ್ರಪುರದಿಂದ, ಅಂದರೆ ಇಂದಿನ ಚಾಂದೋರ್‌ನಿಂದ, ಜುವಾರಿ ನದಿಯ ದಡದ ಗೋಪಕಪಟ್ಟಣಕ್ಕೆ ಸ್ಥಳಾಂತರಿಸಿದರು. ಮುಂದೆ ಜುವಾರಿಯಲ್ಲಿ ಹೂಳು ತುಂಬಿ ಆ ಬಂದರು ಸೊರಗಿದಾಗ ವ್ಯಾಪಾರವು ಮಾಂಡವಿಯ ದಡದ ಎಲಾ ಎಂಬ ಊರಿಗೆ ಸರಿಯಿತು. ಇದೇ ನಾವು ನೋಡಹೊರಟಿರುವ ಹಳೆ ಗೋವೆ. ವಿಜಯನಗರಕ್ಕೂ ಬಹಮನಿ, ಬಿಜಾಪುರಗಳಿಗೂ ಯುದ್ಧಕ್ಕೆ ಅರಬ್ಬಿ ಕುದುರೆಗಳು ಬೇಕಾಗಿದ್ದವು, ಅವು ಇಳಿಯುತ್ತಿದ್ದುದು ಈ ಬಂದರಿನಲ್ಲಿ. ಈ ಊರಿಗಾಗಿ ಅಷ್ಟೊಂದು ಕಾದಾಟಗಳು ನಡೆದದ್ದಕ್ಕೆ ಅದೇ ಮುಖ್ಯ ಕಾರಣ. 1510ರಲ್ಲಿ ಕೆಂಪು ಸಮುದ್ರದ ಕಡೆಗೆ ಹೊರಟಿದ್ದ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್‌ನ ಮನವೊಲಿಸಿ ಗೋವೆಯ ಮೇಲೆ ದಾಳಿ ಮಾಡಿಸಿದವನು ಹೊನ್ನಾವರದ ನೌಕಾನಾಯಕ ತಿಮ್ಮಯ್ಯ. ಆ ವರ್ಷ ಗೆದ್ದ ಊರನ್ನು ಕೆಲವೇ ತಿಂಗಳಲ್ಲಿ ಕಳೆದುಕೊಂಡ ಅಲ್ಬುಕರ್ಕ್, ನವೆಂಬರ್ 25ರಂದು ಅದನ್ನು ಮತ್ತೆ ವಶಪಡಿಸಿಕೊಂಡನು. ಉತ್ತರ ಕನ್ನಡದ ನೆಂಟರು ಜೊತೆಗಿದ್ದರೆ ಈ ತಿಮ್ಮಯ್ಯನ ಮೇಲೆ ಚರ್ಚೆ ಏಳುವುದು ಖಂಡಿತ, ಅದಕ್ಕೂ ಸ್ವಲ್ಪ ಸಮಯ ಇಟ್ಟುಕೊಂಡಿರಬೇಕು.

ನದಿಯ ಬಳಿ ಮೊದಲು ಸಿಗುವುದು ವೈಸರಾಯ್ ಕಮಾನು. ಹೊಸದಾಗಿ ಬಂದ ವೈಸರಾಯ್ ಇದರ ಮೂಲಕವೇ ನಗರವನ್ನು ಪ್ರವೇಶಿಸುತ್ತಿದ್ದನು. ಕಮಾನಿನ ಎರಡೂ ಮುಖಗಳನ್ನು ನಿಂತು ನೋಡಬೇಕು: ನದಿಯ ಕಡೆಗೆ ವಾಸ್ಕೊ ಡ ಗಾಮನ ಪ್ರತಿಮೆಯಿದೆ, ಊರಿನ ಕಡೆಗೆ, ಈ ನಾಡಿನ ಉಡುಪು ತೊಟ್ಟು ನೆಲಕ್ಕೊರಗಿದ ಗಂಡಸಿನ ಮೇಲೆ ಕಾಲಿಟ್ಟು ಖಡ್ಗ ಹಿಡಿದು ನಿಂತ ಹೆಣ್ಣಿನ ಪ್ರತಿಮೆಯಿದೆ. ಆಳುವವರು ಬಂದವರಿಗೆ ಏನನ್ನು ತೋರಿಸಿದರು, ಊರಿನೊಳಗೆ ಬಾಳುವವರಿಗೆ ಏನನ್ನು ತೋರಿಸಿದರು ಎಂಬುದಕ್ಕೆ ಬೇರೆ ವಿವರಣೆ ಬೇಡ. ಅಲ್ಲಿಂದ ಸೇಂಟ್ ಕೇಜೆಟನ್ ಇಗರ್ಜಿಯ ಕಡೆಗೆ ನಡೆದರೆ, ಪೋರ್ಚುಗೀಸರಿಗಿಂತ ಮೊದಲು ಊರನ್ನು ಆಳುತ್ತಿದ್ದ ಬಿಜಾಪುರದ ಆದಿಲ್ ಶಾಹಿಗಳ ಅರಮನೆಯಲ್ಲಿ ಉಳಿದಿರುವ ಏಕೈಕ ಕುರುಹಾದ ಕಪ್ಪುಕಲ್ಲಿನ ಬಾಗಿಲು ಒಂಟಿಯಾಗಿ ನಿಂತಿದೆ. ಅದರ ಕಂಬ, ಜಾಲಂಧ್ರಗಳಲ್ಲಿ ದೇವಾಲಯದ ಕೆತ್ತನೆಯ ಗುರುತುಗಳನ್ನು ಹುಡುಕುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಬಹುದು.

ಸೆ ಕೆಥೆಡ್ರಲ್‌ನ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಕುಸಿದುಬಿದ್ದಿತು. ಹೊರಗಿನಿಂದಲೇ ಆ ಕೊರತೆ ಕಾಣುತ್ತದೆ. ಅದರ ಮುಂದಿನ ಚೌಕದಲ್ಲಿ 1560ರಿಂದ 1812ರವರೆಗೆ, ನಡುವೆ ಅಲ್ಪಕಾಲ ಬಿಟ್ಟು, ಜನರ ಧರ್ಮವನ್ನು ವಿಚಾರಿಸಿ ಶಿಕ್ಷಿಸಿದ ಕ್ರೈಸ್ತ ಧರ್ಮನ್ಯಾಯಾಲಯವಾದ ಇನ್‌ಕ್ವಿಸಿಶನ್‌ನ ಕಟ್ಟಡವಿತ್ತು. ಈಗ ಅಲ್ಲಿ ಕಾಣಲು ಏನೂ ಇಲ್ಲವಾದ್ದರಿಂದ ಯಾರೂ ನಿಲ್ಲುವುದಿಲ್ಲ. ನಿಂತು ಹೇಳಬೇಕಾದದ್ದು ಅಲ್ಲಿಯೇ.

ಕನ್ನಡಿಗರು ಹೆಚ್ಚು ಹೊತ್ತು ಕಳೆಯಬೇಕಾದ ಸ್ಥಳ ಪಕ್ಕದ ಪುರಾತತ್ವ ವಸ್ತುಸಂಗ್ರಹಾಲಯ. ಶುಕ್ರವಾರ ಅದಕ್ಕೆ ರಜೆ. ಆದ್ದರಿಂದ ಆ ದಿನ ಹೊರಡಬಾರದು. ಅಲ್ಬುಕರ್ಕ್‌ನ ದೊಡ್ಡ ಕಂಚಿನ ಪ್ರತಿಮೆಗೆ ಎಲ್ಲರೂ ಮುತ್ತಿಕೊಳ್ಳುತ್ತಾರೆ. ಅದನ್ನು ದಾಟಿ ವೀರಗಲ್ಲುಗಳ ಬಳಿಗೆ ಹೋಗಬೇಕು. ಬನವಾಸಿ, ಬಳ್ಳಿಗಾವೆಗಳಲ್ಲಿ ನೋಡಿದಂತೆಯೇ ಇವನ್ನೂ ಕೆಳಗಿನಿಂದ ಮೇಲಕ್ಕೆ ಓದಬೇಕು: ತಳದ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ಮಡಿದ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಪೂಜೆ. ಗೋವೆಯಲ್ಲಿ ಸಿಕ್ಕಿರುವ ಕದಂಬರ ಕಾಲದ ಕೆಲವು ಕಲ್ಲುಗಳಲ್ಲಿ ಮಾತ್ರ ಕುದುರೆ, ಆನೆಗಳ ಜಾಗದಲ್ಲಿ ಹಡಗಿನ ಕಾಳಗವನ್ನು ಬಿಡಿಸಿದ್ದಾರೆ. ಒಳನಾಡಿನಲ್ಲಿ ಇಂಥ ಕಲ್ಲು ಕಾಣುವುದು ಅಪರೂಪ.

ಇಷ್ಟಾದ ಮೇಲೆ ಬೊಮ್ ಜೀಸಸ್‌ಗೆ ಹೋಗಬಹುದು. ಭುಜ, ಮೊಣಕಾಲು ಮುಚ್ಚುವ ಉಡುಪಿರಲಿ. ಡಿಸೆಂಬರ್ 3ರಂದು ಸಂತರ ಹಬ್ಬವಿರುವುದರಿಂದ ಜಾತ್ರೆಯ ಸಡಗರ ಬೇಕೆನ್ನುವವರು ಆಗ ಬರಲಿ, ಕಟ್ಟಡ ನೋಡಬೇಕೆನ್ನುವವರು ಬೇರೆ ದಿನ ಆರಿಸಿಕೊಳ್ಳಲಿ. 1605ರಲ್ಲಿ ಪೂರ್ಣಗೊಂಡ ಈ ಇಗರ್ಜಿಯ ಕೆಂಪು ಬಣ್ಣವನ್ನು ಎಲ್ಲರೂ ಹೊಗಳುತ್ತಾರೆ. ವಾಸ್ತವವಾಗಿ ಅದು ಸುಣ್ಣದ ಗಿಲಾವು ಹೊದ್ದಿದ್ದ ಗೋಡೆ. ಕಳೆದ ಶತಮಾನದ ನಡುಭಾಗದಲ್ಲಿ ಗಿಲಾವನ್ನು ಕೆತ್ತಿ ತೆಗೆದುದರಿಂದ ಜಂಬಿಟ್ಟಿಗೆ ಕಲ್ಲು ಹೊರಬಿದ್ದು ಪ್ರತಿ ಮಳೆಗಾಲದಲ್ಲೂ ಸವೆಯುತ್ತಿದೆ. ಹತ್ತಿರ ಹೋಗಿ ನೋಡಿದರೆ ಕಲ್ಲಿನ ಮೈಯೆಲ್ಲ ಸಣ್ಣ ಗುಳಿಗಳು ಕಾಣುತ್ತವೆ. ಕರಾವಳಿಯಲ್ಲಿ ಮನೆ ಕಟ್ಟಿಸಿದ ಯಾರಿಗಾದರೂ ಇದು ಅರ್ಥವಾಗುತ್ತದೆ.

ಗುಡ್ಡದ ಮೇಲಿನ ಸೇಂಟ್ ಅಗಸ್ಟಿನ್ ಗೋಪುರವನ್ನೂ ಬಿಡಬಾರದು. ಊರು ಹಾಳಾದ ಕತೆಯನ್ನು ಹೇಳಲು ಅದೇ ತಕ್ಕ ಜಾಗ. ರೋಗರುಜಿನಗಳ ಕಾರಣ ಜನ ಊರು ಬಿಟ್ಟರು, ಸಂನ್ಯಾಸಿಗಳ ಮಠಗಳನ್ನು ಸರಕಾರವೇ ಮುಚ್ಚಿಸಿತು, 1842ರಲ್ಲಿ ಇಲ್ಲಿನ ಇಗರ್ಜಿಯ ಛಾವಣಿ ಕುಸಿಯಿತು, ಮರುವರ್ಷ ಪಣಜಿ ಅಧಿಕೃತ ರಾಜಧಾನಿಯಾಯಿತು. ಜಾರ್ಜಿಯಾದ ರಾಣಿ ಕೆಟೆವಾನ್‌ಳ ಅವಶೇಷಗಳು ಇಲ್ಲಿ ದೊರೆತು, 2021ರಲ್ಲಿ ಭಾರತವು ಅವನ್ನು ಆ ದೇಶಕ್ಕೆ ಒಪ್ಪಿಸಿತು.

ಸಮಯ ಉಳಿದರೆ ಕಮಾನಿನ ಬಳಿಗೆ ಮರಳಿ ಫೆರಿಯಲ್ಲಿ ದಿವಾಡಿ ದ್ವೀಪಕ್ಕೆ ದಾಟಬೇಕು. ಆಗಸ್ಟ್‌ನಲ್ಲಿ ಅಲ್ಲಿ ಬೋಂದೆರಾ ಎಂಬ ಬಾವುಟಗಳ ಹಬ್ಬ ನಡೆಯುತ್ತದೆ. ಕದಂಬರ ಕುಲದೈವ ಸಪ್ತಕೋಟೀಶ್ವರನ ದೇವಾಲಯ ಮೊದಲಿದ್ದುದು ಈ ದ್ವೀಪದಲ್ಲಿ. ಪೋರ್ಚುಗೀಸರು ಅದನ್ನು ಕೆಡವಿದ ಮೇಲೆ ಲಿಂಗವು ಹೊಳೆಯಾಚೆಯ ನಾರ್ವೆಗೆ ಹೋಯಿತು, ಅಲ್ಲಿನ ಗುಡಿಯನ್ನು 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದನು. ದ್ವೀಪದ ಇನ್ನೊಂದು ತುದಿಯಿಂದ ನಾರ್ವೆಗೂ ಫೆರಿ ಇದೆ. ಹಿಂದಿರುಗುವ ಕೊನೆಯ ಫೆರಿ ಎಷ್ಟು ಹೊತ್ತಿಗೆ ಎಂಬುದನ್ನು ಹತ್ತುವಾಗಲೇ ಸಿಬ್ಬಂದಿಯ ಬಳಿ ಕೇಳಿಕೊಳ್ಳಬೇಕು.